ತಿರುಗಿಸಿಟ್ಟ ಆನೆ

ಎರಡು ವರ್ಷದ ಹಿಂದೆ, ದೀಪಾವಳಿ ಕಳೆದ ಮೇಲಿನ ಭಾನುವಾರ. ಕುಮಟಾದಲ್ಲಿ ತಂಡಗಳ ಚೆಸ್ ಸ್ಪರ್ಧೆ ಇತ್ತು, ತಂಡಕ್ಕೆ ನಾಲ್ಕು ಜನ. ಭಟ್ಕಳದ ನಮ್ಮ ತಂಡಕ್ಕೆ ನಾನು ಕ್ಯಾಪ್ಟನ್. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗೆ ಹೋದವಳು, ಚೆಸ್ ನಿಯಮದ ಪುಸ್ತಕವನ್ನು ಮೊದಲಿನಿಂದ ಕೊನೆವರೆಗೆ ಓದಿದವಳು ನಮ್ಮಲ್ಲಿ ನಾನೊಬ್ಬಳೇ. "ಜಗಳಕ್ಕೆ ಒಬ್ಬರು ಬೇಕಲ್ಲ, ಅದು ನೀನೇ" ಅಂತ ಹೇಳಿ ನನ್ನನ್ನು ಕ್ಯಾಪ್ಟನ್ ಮಾಡಿದವನು ಸುಹೈಲ್. ಭಟ್ಕಳ ಪೇಟೆಯಲ್ಲಿ ಬಟ್ಟೆ ಅಂಗಡಿ ನೋಡಿಕೊಳ್ಳುತ್ತಾನೆ, ನಮ್ಮ ನಾಲ್ಕನೇ ಬೋರ್ಡಿನ ಆಟಗಾರ.

ಬೆಳಿಗ್ಗೆ ಹೊನ್ನಾವರದವರನ್ನು ಎರಡೂವರೆ–ಒಂದೂವರೆಯಿಂದ ಸೋಲಿಸಿದೆವು. ಸುಹೈಲ್ ಗೆದ್ದದ್ದರಿಂದಲೇ ಉಳಿದೆವು. ಸಂಜೆ ಫೈನಲ್, ಕುಮಟಾ ಹತ್ತಿರದ ಬಾಡ ಊರಿನವರ ಮೇಲೆ. ನಾನು ಮೊದಲನೇ ಬೋರ್ಡಿನಲ್ಲಿ ಗೆದ್ದೆ, ಒಬ್ಬ ಸೋತ, ಇನ್ನೊಬ್ಬನದು ಡ್ರಾ. ಒಂದೂವರೆ–ಒಂದೂವರೆ. ಕಪ್ ಯಾರದು ಅಂತ ತೀರ್ಮಾನ ಆಗಬೇಕಾದದ್ದು ಸುಹೈಲ್‌ನ ಬೋರ್ಡಿನಲ್ಲಿ. ಅವನ ಎದುರಿಗೆ ಮಾದೇವಣ್ಣ. ಅರವತ್ತು ದಾಟಿದವರು, ಬೋಟಿನ ಎಂಜಿನ್ ರಿಪೇರಿ ಮಾಡುವವರು. ಸ್ಪರ್ಧೆ ಅಂತ ಆಡಲು ಬಂದದ್ದು ಅದೇ ಮೊದಲು.

ನಾನು ಸುಹೈಲ್‌ನ ಹಿಂದೆ ನಿಂತು ನೋಡುತ್ತಿದ್ದೆ. ಮಾದೇವಣ್ಣನ ಸೈನಿಕ ಕೊನೆಯ ಮನೆ ಮುಟ್ಟಿತು. ಅಲ್ಲಿ ಅದಕ್ಕೆ ಮಂತ್ರಿಯಾಗುವ ಹಕ್ಕು. ಆದರೆ ಅವರ ಮಂತ್ರಿ ಇನ್ನೂ ಬೋರ್ಡಿನ ಮೇಲೇ ಇತ್ತು, ಎರಡನೆಯದು ಎಲ್ಲಿಂದ ತರುವುದು? ಹೊರಗೆ ಬಿದ್ದಿದ್ದ ಆನೆಯೊಂದನ್ನು ತಲೆಕೆಳಗು ಮಾಡಿ ಆ ಮನೆಯಲ್ಲಿಟ್ಟು ಗಡಿಯಾರ ಒತ್ತಿದರು. ಸುಹೈಲ್ ತನ್ನ ನಡೆ ಆಡಿದ. ಮುಂದಿನ ನಡೆಗೆ ಮಾದೇವಣ್ಣ ಆ ಆನೆಯನ್ನು ಮಂತ್ರಿಯ ಹಾಗೆ ಓರೆಯಾಗಿ ಜರುಗಿಸಿ "ಚೆಕ್" ಅಂದರು.

ಪುಸ್ತಕದ ಪ್ರಕಾರ ತಿರುಗಿಸಿಟ್ಟ ಆನೆಯೂ ಆನೆಯೇ, ಅದು ನೇರ ಮಾತ್ರ ಹೋಗಬೇಕು. ಮಂತ್ರಿಯಾದರೆ ಸುಹೈಲ್ ಸೋತ ಹಾಗೆ. ಆನೆಯಾದರೆ ಗೆಲುವು ನಮ್ಮದು. ಆಟ ನಡೆಯುವಾಗ ಕ್ಯಾಪ್ಟನ್ ತನ್ನ ಆಟಗಾರನ ಹತ್ತಿರ ಮಾತಾಡುವಂತಿಲ್ಲ. ನಾನು ಸೀದಾ ಹೋಗಿ ತೀರ್ಪುಗಾರ ಕಾಮತ್ ಮಾಸ್ತರನ್ನು ಕರೆತಂದೆ.

ಮಾಸ್ತರು ಕನ್ನಡಕ ಹಾಕಿ ಬೋರ್ಡು ನೋಡಿದರು. "ಹುಡುಗಿ ಹೇಳೂದು ಸರಿ. ಇದು ಆನೆ. ಓರೆ ನಡೆ ಲೆಕ್ಕಕ್ಕಿಲ್ಲ."

"ಎಂತ ಮಾಸ್ತರೇ, ಬಂದರದಲ್ಲಿ ನಾವು ಇಪ್ಪತ್ತು ವರ್ಷದಿಂದ ಹಿಂಗೇ ಇಡೂದು" ಅಂದರು ಮಾದೇವಣ್ಣ.

"ಬಂದರದಲ್ಲಿ ಬಾಟ್ಲಿ ಮುಚ್ಚಳವೂ ಮಂತ್ರಿಯೇ ಮಾರಾಯ, ಇಲ್ಲಿ ನಡೀತದಾ?" ಅಂತ ಅವರ ತಂಡದವನೇ ಒಬ್ಬ ನಕ್ಕ.

ಮಾದೇವಣ್ಣ ನಗಲಿಲ್ಲ. ನನ್ನ ಕಡೆ ತಿರುಗಿದರು. "ಆತು ತಂಗಿ, ನಿಯಮ ಅಂದ್ರೆ ನಿಯಮ. ಆದ್ರೆ ಬೆಳಿಗ್ಗೆ ನಿಮ್ಮ ಇವನೂ ಹಿಂಗೇ ಇಟ್ಟಿದ್ದ. ನಾನು ಪಕ್ಕದ ಮೇಜಲ್ಲೇ ಇದ್ದೆ. ಹೊನ್ನಾವರದವರು ಎಂತದೂ ಹೇಳ್ಲಿಲ್ಲ."

ಬೆಳಿಗ್ಗೆ ನಾನು ನನ್ನ ಆಟದಲ್ಲಿ ಮುಳುಗಿದ್ದೆ, ನೋಡಿರಲಿಲ್ಲ. ಸುಹೈಲ್‌ನ ಮುಖ ನೋಡಿದೆ. ಅವನು ಬೋರ್ಡಿನಿಂದ ಕಣ್ಣೆತ್ತಲಿಲ್ಲ. ಅಷ್ಟು ಸಾಕಾಯಿತು.

ನನ್ನ ಬಾಯಲ್ಲಿ ಉತ್ತರ ತಯಾರಿತ್ತು: ಬೆಳಗಿನ ಆಟ ಮುಗಿದಿದೆ, ಆಗ ಯಾರೂ ಆಕ್ಷೇಪ ಎತ್ತಿಲ್ಲ, ಫಲಿತಾಂಶಕ್ಕೆ ಸಹಿ ಬಿದ್ದಿದೆ. ಒಂದೊಂದು ಮಾತೂ ಸರಿ. ಚರ್ಚಾವೇದಿಕೆಯಲ್ಲಾದರೆ ಅದರಿಂದಲೇ ಗೆಲ್ಲುತ್ತಿದ್ದೆ. ಆದರೆ ನಾವು ಫೈನಲ್ಲಿಗೆ ಬಂದದ್ದೇ ಒಂದು ತಿರುಗಿಸಿಟ್ಟ ಆನೆಯ ಮೇಲೆ ಕೂತು. ಈಗ ಇನ್ನೊಬ್ಬರ ಆನೆಯನ್ನು ಆನೆ ಅನ್ನಲು ನನಗೆ ನಾಲಿಗೆ ಏಳಲಿಲ್ಲ.

"ಸರ್, ನನ್ನ ಆಕ್ಷೇಪ ವಾಪಸ್ ತಗೊಳ್ತೇನೆ" ಅಂದೆ.

"ಅದು ಬರೂದಿಲ್ಲ" ಅಂದರು ಮಾಸ್ತರು. "ನಾನು ಕಣ್ಣಾರೆ ಕಂಡಾಯ್ತು. ಈಗ ನೀನು ಬೇಡ ಅಂದ್ರೂ ತಪ್ಪು ತಪ್ಪೇ."

ಸರಿ, ಹಾಗಾದರೆ ವಾದವೇ ಆಗಲಿ ಅಂದುಕೊಂಡೆ. "ಸರ್, ಮಂತ್ರಿ ಬೇಕಾದವರು ಗಡಿಯಾರ ನಿಲ್ಲಿಸಿ ನಿಮ್ಮ ಹತ್ತಿರ ಕೇಳಬಹುದು. ಅದೂ ಅದೇ ಪುಸ್ತಕದಲ್ಲಿದೆ. ಬೆಳಿಗ್ಗೆ ನೀವು ಅದನ್ನು ಹೇಳಿದ್ರಾ?"

"ಇಲ್ಲ."

"ಮೇಜಿನ ಮೇಲೆ ಹೆಚ್ಚಿನ ಮಂತ್ರಿ ಇಟ್ಟಿದ್ರಾ?"

"ಇಲ್ಲ."

"ನೀವು ಇಡದ ಕಾಯಿಯನ್ನು ಅವರು ಕೇಳ್ಲಿಲ್ಲ ಅಂತ ಅವರನ್ನು ಸೋಲಿಸೂದು ಹೇಗೆ?"

ಸುಹೈಲ್ ಈಗ ತಲೆ ಎತ್ತಿದ. "ನೀನು ಯಾರ ಕ್ಯಾಪ್ಟನ್?"

ಮಾಸ್ತರು ಸ್ವಲ್ಪ ಹೊತ್ತು ಪುಸ್ತಕ ತಿರುವಿದರು, ಆಮೇಲೆ ಅದನ್ನು ಮುಚ್ಚಿಟ್ಟರು. ನಾನು ಗೆದ್ದು ಎದ್ದುಬಂದಿದ್ದ ಬೋರ್ಡಿನಿಂದ ಬಿಳಿ ಮಂತ್ರಿಯನ್ನು ಎತ್ತಿ ತಂದು, ಆನೆ ತೆಗೆದು, ಅದರ ಜಾಗದಲ್ಲಿಟ್ಟರು. ಎದುರಿನವರ ತಪ್ಪು ನಡೆಗೆ ದಂಡ ಅಂತ ಸುಹೈಲ್‌ಗೆ ಎರಡು ನಿಮಿಷ ಹೆಚ್ಚು ಕೊಟ್ಟರು. ಅದು ಸಾಕಾಗಲಿಲ್ಲ. ಆರು ನಡೆಯಲ್ಲಿ ಆಟ ಮುಗಿಯಿತು. ಕಪ್ ಬಾಡಕ್ಕೆ ಹೋಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಸುಹೈಲ್ ನನ್ನ ಪಕ್ಕದಲ್ಲೇ ಕೂತಿದ್ದ. ಹೊನ್ನಾವರದ ಹತ್ತಿರ ಶರಾವತಿ ಸೇತುವೆ ಮೇಲೆ ಬಂದಾಗ ಕಿಟಕಿ ಕಡೆ ನೋಡುತ್ತಲೇ ಹೇಳಿದ, "ಬೆಳಿಗ್ಗೆ ಈ ಊರಿನವರು ಬಾಯಿ ಬಿಟ್ಟಿದ್ರೆ ನಾವು ಮಧ್ಯಾಹ್ನವೇ ಮನೆ ಸೇರ್ತಿದ್ವಿ, ಅಲ್ವಾ?"

"ಹೌದು" ಅಂದೆ.

"ಆದ್ರೂ ನೀನು ಸುಮ್ನೆ ಇರಬಹುದಿತ್ತು."

ಇರಬಹುದಿತ್ತು. ಆದರೆ ಮೊದಲು ಮಾಸ್ತರನ್ನು ಕರೆತಂದವಳೂ ನಾನೇ. ಅಂಥ ನಡೆ ಕಂಡರೆ ಇವತ್ತೂ ಕರೆಯುತ್ತೇನೆ, ಅದಕ್ಕೆ ನನಗೆ ನಾಚಿಕೆಯಿಲ್ಲ. ನಮ್ಮದೇ ಮೇಜನ್ನು ಮೊದಲು ನೋಡಲಿಲ್ಲವಲ್ಲ, ನಾಚಿಕೆ ಅದಕ್ಕೆ.

ಅವತ್ತಿನಿಂದ ನನ್ನ ಬ್ಯಾಗಿನಲ್ಲಿ ಯಾವಾಗಲೂ ನಾಲ್ಕು ಮಂತ್ರಿಗಳಿರುತ್ತವೆ, ಎರಡು ಬಿಳಿ, ಎರಡು ಕಪ್ಪು. ಯಾವ ಊರಿನ ಸ್ಪರ್ಧೆಯಾದರೂ ಮೊದಲ ಸುತ್ತಿಗೆ ಮುಂಚೆ ತೀರ್ಪುಗಾರರ ಮೇಜಿನ ಮೇಲೆ ಇಡುತ್ತೇನೆ, ನಿಯಮ ಓದಿಸುತ್ತೇನೆ. "ಬಂದ್ಲು ಲಾಯರ್" ಅಂತ ಗೊಣಗುವವರಿದ್ದಾರೆ. ಗೊಣಗಲಿ.

ಈ ವರ್ಷ ಹೊನ್ನಾವರದಲ್ಲಿ ಮಾದೇವಣ್ಣ ಮತ್ತೆ ನಮ್ಮ ಎದುರು ಬಂದರು, ಈ ಸಲ ನನ್ನದೇ ಬೋರ್ಡಿಗೆ. ಅವರ ಸೈನಿಕ ಕೊನೆಯ ಮನೆ ಮುಟ್ಟಿತು. ಗಡಿಯಾರ ನಿಲ್ಲಿಸಿ ಶಾಲೆಯ ಮಕ್ಕಳ ಹಾಗೆ ಕೈ ಎತ್ತಿದರು. ತೀರ್ಪುಗಾರರು ನನ್ನ ನಾಲ್ಕರಲ್ಲೊಂದನ್ನು ತಂದುಕೊಟ್ಟರು. ನಾನು ಸೋತೆ. ಹಿಂದೆ ನಿಂತಿದ್ದ ಸುಹೈಲ್ ಆ ಮಂತ್ರಿಯನ್ನು ಎತ್ತಿ ನನ್ನ ಬ್ಯಾಗಿನೊಳಗೆ ಹಾಕಿದ.