ಬಾಣಂತಿ ಕಾರಿನ ಬ್ರೇಕು

ಅಪ್ಪ ತೀರಿದ ಮೇಲೆ ಸವದತ್ತಿಯ ನಮ್ಮ ಕಾರು ಬಿಡಿಭಾಗದ ಅಂಗಡಿಯ ಗಲ್ಲೆಗೆ ನಾನು ಕೂತು ಹದಿನೆಂಟು ವರ್ಷವಾಯಿತು. ಇಂದಿಗೂ ಹೊಸ ಗಿರಾಕಿಗಳು ಒಳಗೆ ಇಣುಕಿ, "ಗಂಡಸರು ಯಾರೂ ಇಲ್ಲೇನ್ರಿ?" ಎನ್ನುತ್ತಾರೆ. "ಬ್ರೇಕ್ ಪ್ಯಾಡ್ ಕೊಡಾಕ ಗಂಡಸರ ಯಾಕ ಬೇಕ್ರಿ?" ಎಂದರೆ ಮುಖ ಸಣ್ಣದು ಮಾಡುತ್ತಾರೆ. ಉಳವಪ್ಪ ಕಾಕಾ ಮಾತ್ರ ಮೊದಲ ದಿನದಿಂದ ನನ್ನನ್ನೇ ಕೇಳಿದವರು. ಅದಕ್ಕೇ ಅವರ ಮೇಲೆ ನನಗೆ ಅಕ್ಕರೆ. ಬೈಯುವುದೂ ಅವರಿಗೇ ಹೆಚ್ಚು.

ಮುನವಳ್ಳಿಯ ಈ ಕಾಕಾನ ಬಿಳಿ ಕಾರಿಗೆ ಸುತ್ತಲಿನ ಹಳ್ಳಿಗಳಲ್ಲಿ ಬಾಣಂತಿ ಕಾರು ಎಂದೇ ಹೆಸರು. ಹೆರಿಗೆಯಾದವರನ್ನು ಆಸ್ಪತ್ರೆಯಿಂದ ತವರಿಗೆ ಮುಟ್ಟಿಸುವುದು, ಐದು ತಿಂಗಳಾದ ಮೇಲೆ ಕೂಸು, ತೊಟ್ಟಿಲು ಸಮೇತ ಗಂಡನ ಮನೆಗೆ ಬಿಟ್ಟುಬರುವುದು ಅವರ ಕೆಲಸ. ಹೂಲಿ, ಸಿರಸಂಗಿ, ಅತ್ತ ರಾಮದುರ್ಗದವರೆಗೂ ಕರೆಸುತ್ತಿದ್ದರು. ಕರೆಸುತ್ತಿದ್ದುದು ಕಾರಿಗಾಗಿ ಅಲ್ಲ, ಮುಂದಿನ ಸೀಟಿನಲ್ಲಿ ಕೂರುತ್ತಿದ್ದ ಅವರ ಹೆಂಡತಿ ರಾಮವ್ವನಿಗಾಗಿ. ಬಾಣಂತಿಗೆ ತಲೆಸುತ್ತು ಬಂದರೆ, ಕೂಸು ರಚ್ಚೆ ಹಿಡಿದರೆ ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳು ಇದ್ದಾಳೆಂಬ ಧೈರ್ಯ ಜನರಿಗೆ. ಗಂಡಹೆಂಡತಿಗೆ ಸ್ವಂತ ಮಕ್ಕಳಿರಲಿಲ್ಲ. ರಾಮವ್ವ ಎಷ್ಟು ಕೂಸುಗಳನ್ನು ತೊಡೆಯ ಮೇಲೆ ಹಾಕಿಕೊಂಡು ತಿರುಗಿದಳೋ ಅವಳಿಗೇ ಲೆಕ್ಕ ತಪ್ಪಿತ್ತು.

ಅವಳು ಹೋದ ವರ್ಷ ತೀರಿಕೊಂಡಳು. ಒಂದು ಮಧ್ಯಾಹ್ನ ಹೊಟ್ಟೆನೋವು ಎಂದಳಂತೆ. ಕಾಕಾ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಧಾರವಾಡದ ದಾರಿ ಹಿಡಿದರು. ಸವದತ್ತಿ ದಾಟಿದ ಮೇಲೆ ಅವಳ ಸದ್ದಿರಲಿಲ್ಲ. ನಿದ್ದೆ ಹತ್ತಿದೆ, ಎಚ್ಚರ ಆಗಬಾರದು ಎಂದು ಬಾಣಂತಿಯನ್ನು ಒಯ್ಯುವ ಹಾಗೆ ನಿಧಾನಕ್ಕೆ ಓಡಿಸಿದರು. ಆಸ್ಪತ್ರೆಯ ಮುಂದೆ ಬಾಗಿಲು ತೆಗೆದಾಗ ಜೀವ ಇರಲಿಲ್ಲ. "ಒಂದ ಸಲಾನೂ ನರಳಲಿಲ್ಲ ಯವ್ವಾ, ನಿದ್ದಿಯೊಳಗ ಹೋದ್ಲು," ಎಂದು ಅಂಗಡಿಗೆ ಬಂದಾಗಲೆಲ್ಲ ಹೇಳುತ್ತಾರೆ. ತಾನೇ ಬೇಯಿಸಿಕೊಂಡು, ತಾನೊಬ್ಬನೇ ಗೋಡೆಗೆ ಮುಖ ಮಾಡಿ ಉಣ್ಣುವ ಮನುಷ್ಯನಿಗೆ ಉಳಿದಿದ್ದ ಸಮಾಧಾನ ಅದೊಂದೇ. ಎಷ್ಟು ಸಲ ಹೇಳಿದರೂ ನಾನು ಮೊದಲ ಸಲ ಕೇಳಿದವಳಂತೆ ಕೇಳುತ್ತಿದ್ದೆ.

ಮೊನ್ನೆ ಸೋಮವಾರ ಬೆಳಿಗ್ಗೆ ಬಂದರು. ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತದೆ ಎಂದು ಎದುರಿನ ಗ್ಯಾರೇಜಿನ ತೌಹೀದನ ಹತ್ತಿರ ಕಾರು ಬಿಟ್ಟಿದ್ದರು. ತೌಹೀದ ಗಾಲಿಯ ಜೊತೆ ತಿರುಗುವ ಮುಂದಿನ ಎರಡು ಡಿಸ್ಕು, ಅವನ್ನು ಒತ್ತಿ ಹಿಡಿಯುವ ನಾಲ್ಕು ಪ್ಯಾಡು ಬಿಚ್ಚಿ ತಂದು ನನ್ನ ಕೌಂಟರಿನ ಮೇಲಿಟ್ಟ. ನೋಡಿ ನನಗೆ ಸಿಟ್ಟು ನೆತ್ತಿಗೇರಿತು. ಪ್ಯಾಡಿನಲ್ಲಿ ಉಜ್ಜುವ ಭಾಗ ಪೂರಾ ಸವೆದು ಬರೀ ಕಬ್ಬಿಣ ಉಳಿದಿತ್ತು. ಎಡಗಡೆಯ ಡಿಸ್ಕಿನ ಮೇಲೆ ಉಗುರು ಸಿಕ್ಕುವಷ್ಟು ಆಳದ ಗೀರುಗಳು.

"ಕಾಕಾ, ಇದು ಒಂದ ದಿನದಾಗ ಆಗಿದ್ದಲ್ರಿ. ಬ್ರೇಕು ತಿಂಗಳಗಟ್ಟಲೆ ಚೀರಿರಬೇಕು. ಕಿವ್ಯಾಗ ಹತ್ತಿ ಇಟಗೊಂಡಿದ್ರೇನು?"

"ಚೀರೇ ಇಲ್ಲವಾ. ಅಂಥಾ ದನಿ ಬಂದಿದ್ರ ನಾ ಬಿಡತಿದ್ನೇನು?"

ಡಿಸ್ಕನ್ನು ಲೇಥಿಗೆ ಕೊಟ್ಟು ನುಣುಪು ಮಾಡಿಸೋಣ ಎಂದರು. ಅಳೆದು ನೋಡಿದೆ. ಅಂಚಿನಲ್ಲಿ ಕೊರೆದಿರುವ ಕನಿಷ್ಠ ದಪ್ಪಕ್ಕಿಂತ ಆಗಲೇ ತೆಳ್ಳಗಾಗಿತ್ತು. "ಇನ್ನ ಕೆತ್ತಿಸಿದ್ರ ಹಪ್ಪಳ ಆಗತೈತ್ರಿ," ಎಂದೆ. ಹಾಗಾದರೆ ಎಡಗಡೆಯದೊಂದೇ ಕೊಡು ಎಂದರು. ಒಂದು ಹೊಸದು ಒಂದು ಹಳೆಯದು ಹಾಕಿದರೆ ಬ್ರೇಕ್ ಒತ್ತಿದಾಗ ಕಾರು ಒಂದೇ ಕಡೆಗೆ ಎಳೆಯುತ್ತದೆ, ಜೋಡಿಯೇ ಹಾಕಬೇಕು ಎಂದು ಗದರಿದೆ. ಪ್ಯಾಡುಗಳಲ್ಲಿ ಕಂಪನಿ ಮಾಲನ್ನೇ ತೆಗೆದಿಟ್ಟೆ. ಅದರ ಅಂಚಿಗೆ ಒಂದು ಸಣ್ಣ ತಗಡಿನ ನಾಲಗೆ ಇರುತ್ತದೆ. ಪ್ಯಾಡು ಸವೆಯುತ್ತ ಬಂದಾಗ ಆ ನಾಲಗೆ ಡಿಸ್ಕಿಗೆ ತಾಗಿ ಚೀರುತ್ತದೆ. ಬದಲಿಸು ಎಂದು ಅದು ಹೇಳುವ ರೀತಿ. ಅಗ್ಗದ ಪ್ಯಾಡಿಗೆ ಅದಿರುವುದಿಲ್ಲ ಎಂದು ಕಾಕಾನಿಗೂ ತೋರಿಸಿದೆ.

"ನನ್ನ ಹಳೀ ಪ್ಯಾಡಿಗೆ ಆ ನಾಲಗಿ ಇದ್ದಿರಾಕಿಲ್ಲ, ತಗೋ," ಎಂದು ಕಾಕಾ ಗೆದ್ದವರಂತೆ ನಕ್ಕರು.

ಹಳೆಯ ಪ್ಯಾಡನ್ನು ತಿರುವಿ ನೋಡಿದೆ. ನಾಲಗೆ ಇತ್ತು, ಉಜ್ಜಿ ಉಜ್ಜಿ ಫಳಫಳ ಹೊಳೆಯುತ್ತಿತ್ತು. ನನಗೋ ವಾದ ಗೆಲ್ಲುವ ಹಟ. ಡಿಸ್ಕನ್ನು ಕೌಂಟರಿಗೆ ಒತ್ತಿ ಹಿಡಿದು ಆ ನಾಲಗೆಯನ್ನು ಅದರ ಮೇಲೆ ಜೋರಾಗಿ ಎಳೆದೆ. ತೌಹೀದ ಎರಡೂ ಕಿವಿ ಮುಚ್ಚಿಕೊಂಡ. ನನ್ನ ಹಲ್ಲು ಜುಮ್ಮೆಂದವು. ಕಾಕಾ ಮಾತ್ರ ನನ್ನ ಕೈಯನ್ನೇ ನೋಡುತ್ತ, "ಹೂಂ, ತೋರಸು," ಎಂದರು.

ಇನ್ನೊಮ್ಮೆ ಎಳೆದೆ. ಅವರು ಕಾಯುತ್ತಲೇ ಇದ್ದರು.

"ಕಾಕಾ, ಕೇಳಲಿಲ್ಲೇನ್ರಿ? ಬಸ್‌ಸ್ಟ್ಯಾಂಡ್ ತನಕ ಕೇಳಿರತೈತಿ," ಎಂದು ತೌಹೀದ ಅಂದುಬಿಟ್ಟ. ಕಾಕಾ ಅವನ ಮುಖ ನೋಡಿದರು, ನನ್ನ ಮುಖ ನೋಡಿದರು. ಮಾತು ಕೇಳುತ್ತದೆ, ಹಾರ್ನು ಕೇಳುತ್ತದೆ. ಚೀರುವಂಥ ಚೂಪಾದ ಸಣ್ಣ ದನಿ ಮಾತ್ರ ಅವರ ಕಿವಿಯಿಂದ ಯಾವಾಗಲೋ ಹೊರಟುಹೋಗಿತ್ತು, ಅದು ಅವರಿಗೇ ಗೊತ್ತಿರಲಿಲ್ಲ.

"ಹಿಂದಿನ ಪ್ಯಾಡ್ ಸವದಾಗ ರಾಮವ್ವ ಅಂತಿದ್ಲು," ಎಂದರು. "ಬ್ರೇಕ್ ಚೀರಾಕತ್ತೈತಿ, ನೋಡಸ್ರಿ ಅಂತ. ಎಲ್ಲಿ ಚೀರತೈತಿ, ಸುಮ್ನಿರು ಅಂತಿದ್ನಿ. ಈಗ ಕೂತ ಮಂದಿಗೆಲ್ಲ ಕೇಳಿರಬೇಕಲ್ಲ. ಒಬ್ಬರೂ ಹೇಳಲಿಲ್ಲ ನೋಡು."

ಆಗ ನನಗೆ ಹೊಳೆಯಿತು. ರಾಮವ್ವನನ್ನು ಧಾರವಾಡಕ್ಕೆ ಒಯ್ದ ದಿನವೂ ಇವೇ ಕಿವಿಗಳಲ್ಲವೇ. ಈ ಮಾತು ಕಾಕಾನಿಗೆ ಹೊಳೆಯಬಾರದು ಎಂದು ನಾನು ಬಡಬಡ ಮಾತಾಡತೊಡಗಿದೆ. ಎರಡು ತಿಂಗಳಿಗೊಮ್ಮೆ ಬರ್ರಿ, ತೌಹೀದ ಗಾಲಿ ಬಿಚ್ಚಿ ನೋಡತಾನ, ಕಿವಿಯ ಹಂಗೇ ಬೇಡ ಎಂದೆ. ಕಿವಿಗೆ ಮಷೀನು ಬರುತ್ತದೆ ಎಂದೆ. ಅವರು ಹೂಂಗುಟ್ಟಿ ಜೋಡಿ ಡಿಸ್ಕು, ಕಂಪನಿ ಪ್ಯಾಡು ಎತ್ತಿಕೊಂಡು ಹೋದರು. ವಾದಕ್ಕೆಂದು ಆ ತಗಡು ಎಳೆದ ಕೈಯನ್ನು ಮುರಿದುಕೊಳ್ಳಬೇಕು ಅನ್ನಿಸಿತು.

ಮಧ್ಯಾಹ್ನದ ಹೊತ್ತಿಗೆ ಜೋಡಿಸುವುದು ಮುಗಿಯಿತು. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಸ್ವಲ್ಪ ದೂರ ಓಡಿಸಿ ಮೆಲ್ಲಗೆ ಹತ್ತಾರು ಸಲ ಬ್ರೇಕ್ ಒತ್ತಬೇಕು. ಕಾಕಾ ಅಂಗಡಿಯ ಮುಂದೆ ಕಾರು ನಿಲ್ಲಿಸಿ, "ನನ್ನ ಜೋಡಿ ಬರತೀಯೇನವಾ? ಏನರ ದನಿ ಬಂದ್ರ ಹೇಳಾಕ," ಎಂದರು. ರಾಮವ್ವನ ಸೀಟಿನಲ್ಲಿ ಕೂತೆ.

ಮುನವಳ್ಳಿ ರಸ್ತೆಗೆ ಹೊರಟೆವು. ಒತ್ತುವರು, "ಬಂತೇನು?" ಎನ್ನುವರು. "ಇಲ್ರಿ." ಮತ್ತೆ ಒತ್ತುವರು, ಮತ್ತೆ ಕೇಳುವರು. ನವಿಲುತೀರ್ಥದ ಕಡೆ ತಿರುಗುವಲ್ಲಿ ಕಾರನ್ನು ಬದಿಗೆ ತಂದು ನಿಲ್ಲಿಸಿ ಇಂಜಿನ್ ಬಂದ್ ಮಾಡಿದರು.

"ಯವ್ವಾ, ಮಂದಿ ನರಳತಾರಲ್ಲ, ಅದು ಸಣ್ಣ ದನೀನೋ, ದಪ್ಪ ದನೀನೋ?"

ಹದಿನೆಂಟು ವರ್ಷದಲ್ಲಿ ಅಗ್ಗದ ಮಾಲನ್ನು ಕಂಪನಿಯದೆಂದು ಒಬ್ಬರಿಗೂ ಮಾರಿದವಳಲ್ಲ ನಾನು. ಆದರೂ ಅಂದು, "ದಪ್ಪ ದನಿ, ಕಾಕಾ. ಅಕಿ ನರಳಿದ್ರ ನಿಮಗ ಕೇಳತಿತ್ತು. ಅಕಿ ಮಲಗಿದ್ಲು," ಎಂದೆ. ಒಂದಕ್ಷರ ತಪ್ಪದೆ ಮುಟ್ಟಲಿ ಎಂದು ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದೆ.

ಕಾಕಾ ಪೂರಾ ಕೇಳಿಸಿಕೊಂಡರು.

"ನೀ ಅಲ್ಲಿ ಇದ್ದಿಲ್ಲಲ್ಲವಾ," ಎಂದರು. "ಇದ್ದಾಂವ ನಾ ಒಬ್ಬನ."