ನನ್ನ ಪಟ್ಟಿಯನ್ನು ತಲೆಕೆಳಗು ಮಾಡಿದವನು

ಎಂಬತ್ತರ ದಶಕದ ಮೊದಲ ವರ್ಷಗಳು. ಧಾರವಾಡದ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದ ಅಪ್ಪ ಯಶವಂತಪುರದಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ನಮ್ಮ ಮೇಲಿನ ಮಹಡಿಯಲ್ಲಿ ಅದೇ ಕಾರ್ಖಾನೆಯ ಎಂಜಿನಿಯರೊಬ್ಬರು ಮತ್ತು ಅವರ ಹೆಂಡತಿ ಇದ್ದರು. ಆಕೆ ಚಿಕ್ಕಜಾಲದವರು. ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಎಂಜಿನಿಯರು ತರಬೇತಿಗೆಂದು ಆರು ತಿಂಗಳು ವಿದೇಶಕ್ಕೆ ಹೋಗಿದ್ದವರು, ಬರುವಾಗ ಒಂದು ರೆಕಾರ್ಡ್ ಪ್ಲೇಯರನ್ನೂ ಒಂದೇ ರಾಕ್ ಬ್ಯಾಂಡಿನ ಮೂರು ಆಲ್ಬಮ್ಮುಗಳನ್ನೂ ತಂದರು. ಅವರು ಅವನ್ನು ಕೇಳಿದ್ದು ಕಡಿಮೆ. ಕೇಳಿದವರು ಅಕ್ಕ ಮತ್ತು ನಾನು.

ಕಾಲೇಜಿನಿಂದ ಬಂದವಳು ಸೀದಾ ಮಹಡಿ ಹತ್ತುತ್ತಿದ್ದೆ. ಅಕ್ಕ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕೂತಿರುತ್ತಿದ್ದರು. ಕೆಳಗಿನಿಂದ ಅಪ್ಪ, "ಇದೇನವಾ ಈ ಒದರಾಟ?" ಎನ್ನುತ್ತಿದ್ದರು. ಮೂರು ಆಲ್ಬಮ್ಮುಗಳಲ್ಲಿ ಎರಡು ಸ್ಟುಡಿಯೋದಲ್ಲಿ ಮಾಡಿದವು. ಮೊದಲನೆಯದು ಒರಟಾಗಿತ್ತು, ಆದರೆ ಜೀವಂತ. ಇನ್ನೊಂದಕ್ಕೆ ಪಿಟೀಲು, ಕೋರಸ್ಸು ಎಲ್ಲ ಸೇರಿಸಿ ನುಣ್ಣಗೆ ಪಾಲಿಶ್ ಮಾಡಿದ್ದರು. ಮೂರನೆಯದು ಸಭಾಂಗಣದಲ್ಲಿ ಜನರ ಮುಂದೆ ನುಡಿಸಿದ, ಎರಡು ರೆಕಾರ್ಡ್ ತಟ್ಟೆಗಳ ಲೈವ್ ಆಲ್ಬಮ್. ಸ್ಟುಡಿಯೋದಲ್ಲಿ ನಾಲ್ಕು ನಿಮಿಷದ ಹಾಡು ಅಲ್ಲಿ ಹನ್ನೊಂದು ನಿಮಿಷ. ನಡುವೆ ಒಂದು ಕಡೆ ಡ್ರಮ್ ನಿಂತುಬಿಡುತ್ತದೆ. ಸಭೆಯಲ್ಲಿ ಯಾರೋ ಕೆಮ್ಮುವುದು ಕೇಳಿಸುತ್ತದೆ. ಆಮೇಲೆ ಗಿಟಾರ್ ಒಂದೇ ತಂತಿಯಲ್ಲಿ ಮೆಲ್ಲಗೆ ಶುರುವಾಗುತ್ತದೆ. ಅದನ್ನು ಮೊದಲ ಸಲ ಕೇಳಿದಾಗ ಅಕ್ಕನ ಕೈ ಅಕ್ಕಿಯಲ್ಲೇ ನಿಂತಿತ್ತು. "ನಮ್ಮೂರ ಭಜನೇಲಿ ತಾಳದೋನು ಇಂಗೇ ನಿಲ್ಲುಸ್ತಿದ್ದ ಕಣೆ. ಪದ ಆಡೋನಿಗೆ ಜಾಗ ಬಿಡ್ತಾನೆ," ಎಂದರು.

ನನ್ನ ತರಗತಿಯ ಹುಡುಗನೊಬ್ಬ ಆರ್.ಟಿ. ನಗರದಲ್ಲಿ ತಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಭಾನುವಾರ ಬೆಳಿಗ್ಗೆ ಸಂಗೀತ ಕೇಳುವ ಕೂಟ ನಡೆಸುತ್ತಿದ್ದ. ತಿಂಗಳಿಗೊಂದು ಸೈಕ್ಲೋಸ್ಟೈಲ್ ಪತ್ರಿಕೆಯನ್ನೂ ಹಂಚುತ್ತಿದ್ದ. ಈ ಬ್ಯಾಂಡಿನ ಬಗ್ಗೆ ನನಗೆ ಗೊತ್ತೆಂದು ತಿಳಿದು ಕೇಳಿದ: "ಹೊಸಬರು ಯಾವ್ದು ಮೊದ್ಲು ಕೇಳ್ಬೇಕು, ಯಾಕೆ ಅಂತ ಬರ್ಕೊಡ್ತೀಯಾ?"

ಒಂದು ವಾರ ಕೂತು ಮೂರು ಪುಟ ಬರೆದೆ. ಮೊದಲು ಲೈವ್, ಅದರಲ್ಲೂ ಆ ಹನ್ನೊಂದು ನಿಮಿಷದ ಹಾಡಿರುವ ಎರಡನೆಯ ತಟ್ಟೆ. ಆಮೇಲೆ ಒರಟಾದದ್ದು. ಪಾಲಿಶ್ ಮಾಡಿದ್ದನ್ನು ಕೇಳದಿದ್ದರೂ ನಷ್ಟವಿಲ್ಲ ಎಂದೆ. ಜಾಗ ಬಿಡುವ ಮಾತನ್ನು ಅಕ್ಕನದೆಂದೇ ಹೇಳಿ ಬರೆದೆ.

ಪತ್ರಿಕೆ ಬಂತು. ಲೇಖನದ ಕೆಳಗೆ ಅವನ ಹೆಸರಿತ್ತು. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಅವನು ಪಟ್ಟಿಯನ್ನೇ ತಿರುಗಿಸಿದ್ದ. ಪಾಲಿಶ್ ಮಾಡಿದ್ದು ಮೊದಲು, ಲೈವ್ ಕೊನೆಗೆ. ಅಕ್ಕನ ಮಾತಿದ್ದ ಜಾಗದಲ್ಲಿ, ಲೈವಿನಲ್ಲಿ ಡ್ರಮ್ ನುಡಿಸುವವನು ನಡುವೆ ತಪ್ಪಿದ್ದಾನೆ, ಹೊಸಬರು ದೂರವಿದ್ದರೆ ಒಳ್ಳೆಯದು ಎಂದು ಬರೆದಿದ್ದ. ಅವನು ಆ ತಟ್ಟೆಯನ್ನು ಒಮ್ಮೆಯೂ ಕೇಳಿರಲಿಲ್ಲ. ಡ್ರಮ್ ನಿಲ್ಲುತ್ತದೆ ಎಂದು ನಾನು ಬರೆದದ್ದನ್ನು ಓದಿ, ಅದು ನುಡಿಸುವವನ ತಪ್ಪೆಂದು ತೀರ್ಮಾನಿಸಿದ್ದ. ನನ್ನ ಮೈ ಉರಿದುಹೋಯಿತು.

ಅಕ್ಕನಿಗೆ ಓದಿ ಹೇಳಿದೆ. ಅವರು ಕೂಗಾಡಲಿಲ್ಲ. ಭಾನುವಾರ ಲೈವ್ ಆಲ್ಬಮ್ಮನ್ನು ಟವೆಲಿನಲ್ಲಿ ಸುತ್ತಿಕೊಂಡು, "ನಡಿ, ಕೇಳ್ಸೋಣ," ಎಂದು ಹೊರಟರು. ಮೇಖ್ರಿ ಸರ್ಕಲ್ಲಿನಲ್ಲಿ ಬಸ್ಸು ಬದಲಿಸಿ ಹೋದೆವು.

ಶೆಡ್ಡಿನಲ್ಲಿ ಹತ್ತು ಹನ್ನೆರಡು ಹುಡುಗರಿದ್ದರು. ನನಗೆ ಕೂರುವ ತನಕವೂ ತಡೆಯಲಾಗಲಿಲ್ಲ. "ನಾ ಬರದದ್ದನ್ನ ನನ್ನ ಕೇಳದ ಹೆಂಗ ತಿರುಗಿಸಿದಿ? ಒಮ್ಮೆರ ಕೇಳೀಯೇನ ಆ ತಟ್ಟಿ?" ಎಂದೆ. ಸಿಟ್ಟು ಬಂದರೆ ನನಗೆ ಬಾಯಿಗೆ ಬರುವುದು ಮನೆಯ ಮಾತೇ. ಇಬ್ಬರು ಹುಡುಗರು ಆ ಮಾತಿನ ಧಾಟಿಗೆ ನಕ್ಕರು. ಅವನು ಅವರನ್ನು ಸುಮ್ಮನಿರಿಸಲಿಲ್ಲ.

ಅಕ್ಕ ಟವೆಲು ಬಿಚ್ಚಿ, "ಆಕಪ್ಪ ಇದನ್ನ," ಎಂದು ತಟ್ಟೆ ಕೊಟ್ಟರು. ಹನ್ನೊಂದು ನಿಮಿಷದ ಹಾಡು ಶುರುವಾಯಿತು. ಡ್ರಮ್ ನಿಂತಾಗ ನಕ್ಕವರೂ ಸ್ಪೀಕರಿನ ಕಡೆ ಬಾಗಿದ್ದರು.

"ಚೆನ್ನಾಗಿದೆ ಆಂಟಿ. ಆದ್ರೂ ಅಲ್ಲಿ ಮಿಸ್ಟೇಕ್ ಮಾಡಿದಾನಲ್ವಾ?" ಎಂದ ಅವನು.

"ಮಿಸ್ಟೇಕಲ್ಲಪ್ಪ. ಕಾಯ್ತಾವ್ನೆ. ನಿಂಗೆ ಕೇಳಿಸ್ಲಿಲ್ವಾ?"

ಅವನು ತಟ್ಟೆಯನ್ನು ಅಕ್ಕನ ಕೈಗೆ ವಾಪಸು ಕೊಟ್ಟ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುವುದಾಗಿ ಹೇಳಿದ. ಹಾಕಿದ ಕೂಡ. ಕೊನೆಯ ಪುಟದ ಮೂಲೆಯಲ್ಲಿ, ಮರುಪರಿಶೀಲನೆಯ ನಂತರ ಲೈವ್ ಆಲ್ಬಮ್ಮಿಗೆ ಮೊದಲ ಸ್ಥಾನ ಕೊಡುತ್ತಿದ್ದೇನೆ ಎಂದು ತಾನೇ ಕಂಡುಹಿಡಿದವನ ಹಾಗೆ ಬರೆದಿದ್ದ. ನನ್ನ ಹೆಸರೂ ಇರಲಿಲ್ಲ, ಅಕ್ಕನ ಸುದ್ದಿಯೂ ಇರಲಿಲ್ಲ. ತಪ್ಪು ಒಪ್ಪಿಕೊಳ್ಳುವ ದೊಡ್ಡ ಮನಸ್ಸೆಂದು ಗೆಳೆಯರು ಅವನನ್ನು ಹೊಗಳಿದರಂತೆ.

ಅಕ್ಕ ನಕ್ಕರು. "ಓಗ್ಲಿ ಬಿಡು. ಅಷ್ಟು ಜನ ಕೇಳುದ್ರಲ್ಲ," ಎಂದರು. ನನಗೆ ಆ ಸಮಾಧಾನ ಬರಲಿಲ್ಲ, ಈಗಲೂ ಬಂದಿಲ್ಲ.

ಎರಡು ತಿಂಗಳ ನಂತರ ಕಾಲೇಜಿನ ಮೆಟ್ಟಿಲ ಬಳಿ ಅವನು ಏನೂ ಆಗಿಲ್ಲವೆಂಬಂತೆ ಎದುರಾದ. ಇನ್ನೊಂದು ಬ್ಯಾಂಡಿನ ಹೆಸರು ಹೇಳಿ, "ಇದ್ರದ್ದೂ ಒಂದು ಲಿಸ್ಟ್ ಬರ್ಕೊಡು, ನೀನು ಚೆನ್ನಾಗ್ ಬರೀತೀಯ," ಎಂದ.

"ಆ ಬ್ಯಾಂಡ್ ನಾನು ಕೇಳಿಲ್ಲ," ಎಂದೆ. "ಕೇಳದೇ ಬರಿಯೋದು ನಂಗೆ ಬರಲ್ಲ."

ಅವನಿಗೆ ಅರ್ಥವಾಯಿತೋ ಇಲ್ಲವೋ. ಬೇರೆ ಯಾರನ್ನಾದರೂ ಕೇಳುತ್ತೇನೆ ಎಂದು ಹೇಳಿ ಹೋದ.