ಜುಂಜಣ್ಣ ಕಳೆದುಕೊಂಡ ಎರಡೂವರೆ ಕೇಜಿ

ಕುರಿಯ ಬೆನ್ನ ಮೇಲೆ ಒಮ್ಮೆ ಕೈಯಿಟ್ಟರೆ ಸಾಕು, ತೂಕ ಇಷ್ಟೇ ಎಂದು ಹೇಳಿಬಿಡುವವನು ಸಿದ್ದಾಪುರದ ಜುಂಜಣ್ಣ. ನೂರು ಗ್ರಾಂ ಆಚೀಚೆಯಾದರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂಬುದು ಅವನ ಸವಾಲು. ಅವನು ಬಂದನೆಂದರೆ ಚಳ್ಳಕೆರೆ ಸಂತೆಯ ತಕ್ಕಡಿಗಳೆಲ್ಲ ನಾಚಿ ಗೋಣಿಚೀಲ ಸೇರುತ್ತಿದ್ದವಂತೆ. ಬಿಟ್ಟರೆ ಜಟಿಂಗ ರಾಮೇಶ್ವರನ ಗುಡ್ಡದ ಬೆನ್ನು ಸವರಿ ಅದರ ತೂಕವನ್ನೂ ಹೇಳುವ ಆಸಾಮಿ.

ಎರಡು ವರ್ಷದ ಹಿಂದೆ ಅವನ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿತು. ದಾವಣಗೆರೆಯ ಸರ್ಜನ್ ಒಂದು ಗೇಣು ಕರುಳು ಕತ್ತರಿಸಿ ತೆಗೆದರು. ಊರಿಗೆ ಬಂದು ಜುಂಜಣ್ಣ ಹೇಳಿದ್ದು ಮಾತ್ರ ಹನ್ನೆರಡು ಮಾರು. ಅಂದಿನಿಂದ ಮೂರು ತಿಂಗಳಿಗೊಮ್ಮೆ ಚಳ್ಳಕೆರೆಯ ಡಾಕ್ಟರ್ ಶಿವರಂಜನಿಯವರ ಕ್ಲಿನಿಕ್ಕಿಗೆ ಬಂದು ರಕ್ತ ಪರೀಕ್ಷೆ ಮಾಡಿಸಬೇಕು, ತೂಕ ನೋಡಿಸಬೇಕು. ಹೆಂಡತಿ ಪಾತಮ್ಮ ಒಂದು ಸಲವೂ ತಪ್ಪಿಸಗೊಟ್ಟವಳಲ್ಲ.

ಈ ಬೇಸಿಗೆಯಲ್ಲಿ ಅವನು ತೂಕದ ಮಿಷನ್ ಹತ್ತಿದಾಗ ಡಾಕ್ಟರ ಹುಬ್ಬು ಗಂಟಾಯಿತು.

"ಹೋದ ಸಲಕ್ಕಿಂತ ಎರಡೂವರೆ ಕೇಜಿ ಇಳಿದಿದೀರಲ್ಲ, ಜುಂಜಣ್ಣ. ಊಟ ಸೇರ್ತೈತಾ?"

"ಮೂರು ಮುದ್ದೆ ಇಳಿತಾವೆ, ಡಾಕ್ಟ್ರವ್ವ."

"ಹಂಗಾದ್ರೆ ಸ್ಕ್ಯಾನಿಂಗ್‌ಗೆ ಮುಂದಿನ ತಿಂಗಳವರೆಗೆ ಕಾಯೋದು ಬೇಡ. ಸರ್ಜನ್‌ಗೆ ಫೋನ್ ಮಾಡ್ತೀನಿ, ನಾಳೆಯೇ ಹೋಗಿಬಿಡಿ."

ಜುಂಜಣ್ಣನ ಮೀಸೆ ತಾನಾಗಿಯೇ ಜೋತುಬಿತ್ತು. ಮೊದಲ ಸಲವೂ ರೋಗ ಹೀಗೇ ಬಂದಿತ್ತು, ಸದ್ದಿಲ್ಲದೆ ಮೈ ಕರಗಿಸುತ್ತ. ರಟ್ಟೆ ಹಿಸುಕಿಕೊಂಡ, ಸೊಂಟ ತಡವಿಕೊಂಡ. ಮುನ್ನೂರು ಕುರಿಯ ತೂಕ ಬಲ್ಲ ಕೈಗೆ ತನ್ನ ಮೈಯ ಲೆಕ್ಕ ಸಿಗಲೇ ಇಲ್ಲ.

"ಪಾತೀ, ಮತ್ತೆ ಬಂತೇನೇ ಅದು?" ಎಂದ. ದನಿ ಮೂರು ದಿನದ ಮರಿಯದಾಗಿತ್ತು.

ಪಾತಮ್ಮ ಎದ್ದು ಬಾಗಿಲಾಚೆ ಹೋದಳು. ಸೆಕೆಯೆಂದು ಅವನು ಹೊರಗಿನ ಬೆಂಚಿನ ಮೇಲೆ ಬಿಟ್ಟಿದ್ದ ಕಂಬಳಿಯನ್ನು ತಂದು ಹೆಗಲಿಗೆ ಹೊದಿಸಿದಳು. "ಈಗ ಹತ್ತು."

ಮಿಷನ್ ಹೋದ ಸಲದ ಅಂಕಿಯನ್ನೇ ತೋರಿಸಿತು.

"ಪುಷ್ಯದ ಚಳಿ ಅಂತ ಹೋದ ಸಲ ಇದನ್ನ ಹೊದ್ಕೊಂಡೇ ನಿಂತಿದ್ದ ಕಣವ್ವ ಈವಯ್ಯ. ನರ್ಸಮ್ಮ ತೆಗಿ ಅಂದ್ರೆ, 'ಕುರಿ ಕಾಯೋನ ಕಂಬಳಿ ಬಿಚ್ಚಿದ್ರೆ ಚರ್ಮ ಸುಲಿದಂಗೆ' ಅಂದ. ದೊಡ್ಡ ತೂಕದ ಸಾಹುಕಾರ!"

ಮೂರು ಜಿಲ್ಲೆಯ ಧೂಳು ತಿಂದು ಹತ್ತು ಮಳೆಗಾಲ ಕುಡಿದ ಕಂಬಳಿ ಎರಡೂವರೆ ಕೇಜಿಗೇ ನಿಂತದ್ದು ದೊಡ್ಡದು.

ಡಾಕ್ಟರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆದರೂ ನಕ್ಕು ಬಿಟ್ಟುಬಿಡಲಿಲ್ಲ. ಹೊಟ್ಟೆ ಒತ್ತಿ ನೋಡಿದರು, ರಕ್ತದ ರಿಪೋರ್ಟು ಮತ್ತೊಮ್ಮೆ ಓದಿದರು, ಹಳೆಯ ತೂಕವನ್ನು ತಿದ್ದಿ ಬರೆದರು.

"ಎಲ್ಲಾ ಸರಿಯಾಗೈತೆ. ಸ್ಕ್ಯಾನಿಂಗ್ ಮೊದಲಿನ ತಾರೀಖಿಗೇ ಇರಲಿ. ಆದ್ರೆ ಐದು ವರ್ಷ ತುಂಬೋವರೆಗೂ ಬರ್ತಾನೇ ಇರಬೇಕು. ಇನ್ನೂ ಮೂರು ವರ್ಷ ಐತೆ, ತಪ್ಪಿಸಬಾರದು."

ಜುಂಜಣ್ಣ ಚಪ್ಪಲಿ ಮೆಟ್ಟಿದ.

"ಮೂರು ವರ್ಷ ಬಾ ಅಂತ ಕರೆದೋರು ನೀವು, ಡಾಕ್ಟ್ರವ್ವ. ಅಲ್ಲೀಗಂಟ ನನ್ನ ಜೀವಂತ ಇಟ್ಕೊಳ್ಳೋದು ನಿಮ್ ಕೆಲ್ಸ. ಬಸ್ಸು ಹತ್ತೋದಷ್ಟೇ ನಂದು."